ಶಾಲೆ ಬಿಟ್ಟರೂ ಬಿಡದ ಒತ್ತಡ: ಶಿಕ್ಷಕರ ಮನೆಯವರ ಪ್ರಶ್ನೆಗಳಿಗೆ ಉತ್ತರ

ಶಿಕ್ಷಕರ ಕೆಲಸದ ಒತ್ತಡ ಮನೆಗೆ ಹೇಗೆ ತಟ್ಟುತ್ತದೆ, ಬರೆದು ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಶಿಕ್ಷಕರೇ ಜಾಸ್ತಿ ಬರೆಯಬಹುದು ಅಂದುಕೊಂಡಿದ್ದೆ. ಹೆಚ್ಚಿನ ಪತ್ರಗಳು ಬಂದಿದ್ದು ಅವರ ಗಂಡ, ಹೆಂಡತಿ, ಮಕ್ಕಳು, ಅತ್ತೆಯಂದಿರಿಂದ. ಇವರನ್ನು ಯಾರೂ ಕೇಳುವುದೇ ಇಲ್ಲ, ಹಾಗಾಗಿ ಈ ಸಲ ಅವರ ಪತ್ರಗಳಿಗೆ ಮೊದಲ ಜಾಗ. ಹೆಸರು, ಊರು ಎಲ್ಲ ಬಿಟ್ಟಿದ್ದೇನೆ. ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ನನ್ನ ಹೆಂಡತಿ ಹೈಸ್ಕೂಲ್ ಟೀಚರ್. ಸಂಜೆ ಮನೆಗೆ ಬಂದರೆ ಒಂದು ಗಂಟೆ ಹೊತ್ತು ಮಾತೇ ಇಲ್ಲ. ಏನು ಕೇಳಿದರೂ ‘ಹೂಂ’, ‘ಉಹೂಂ’ ಅಷ್ಟೇ. ಮಗಳು ಏನೋ ಹೇಳಲು ಬಂದರೆ ‘ಆಮೇಲೆ’ ಅಂತಾಳೆ. ಆದರೆ ಶಾಲೆಯ ಮಕ್ಕಳ ಅಪ್ಪ ಅಮ್ಮ ಫೋನ್ ಮಾಡಿದರೆ ಎಷ್ಟು ನಯವಾಗಿ ಮಾತಾಡುತ್ತಾಳೆ! ಬೇರೆಯವರ ಮಕ್ಕಳಿಗೆ ಇರುವ ತಾಳ್ಮೆ ಸ್ವಂತ ಮನೆಗೆ ಯಾಕಿಲ್ಲ? ನನ್ನ ಮೇಲೆ ಸಿಟ್ಟಾ ಎಂದು ಕೇಳಿದರೆ ಹಾಗೆ ಕೇಳಿದ್ದಕ್ಕೇ ಸಿಟ್ಟು.

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಅವರ ಸಿಟ್ಟಿಗಿಂತ ಸುಸ್ತು ಜಾಸ್ತಿ ಕಾಣುತ್ತಿದೆ. ಫೋನಿನಲ್ಲಿ ನಯವಾಗಿ ಮಾತಾಡುತ್ತಾರೆ ಅಂದಿರಲ್ಲ, ಆ ನಯವೂ ಅವರ ಕೆಲಸವೇ. ಅದಕ್ಕೂ ಶಕ್ತಿ ಬೇಕು. ನಿಮ್ಮ ಮುಂದೆ ಕೂತಾಗ ಅವರು ಆ ಕೆಲಸ ನಿಲ್ಲಿಸಿರುತ್ತಾರೆ. ಇಲ್ಲಿ ಮುಖ ಹೊಂದಿಸಿಕೊಂಡು ಕೂರಬೇಕಾಗಿಲ್ಲ ಅನ್ನುವ ಧೈರ್ಯ ಅವರಿಗಿದೆ. ಬೇಸರ ಬೇಡ, ಅದು ನಂಬಿಕೆ.

ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲೇ ಇದನ್ನು ಭಾವನೆಗಳ ದುಡಿಮೆ ಎಂದು ಕರೆದರು. ಅವರು ಬರೆದಿದ್ದು ಹೆಚ್ಚಾಗಿ ಗಗನಸಖಿಯರ ಬಗ್ಗೆ. ಆದರೆ ಶಿಕ್ಷಕರ ದಿನ ನೋಡಿ. ಹಿಂದಿನ ಬೆಂಚಿನ ಹುಡುಗ ಬೇಕೆಂದೇ ಕೆಣಕುತ್ತಾನೆ, ಬಂದ ಸಿಟ್ಟನ್ನು ನುಂಗಿಕೊಳ್ಳಬೇಕು. ಅದೇ ಪಿರಿಯಡ್‌ನಲ್ಲಿ ಮನೆಯಲ್ಲಿ ಏನೋ ಆಗಿ ಅಳು ಮುಖ ಮಾಡಿಕೊಂಡು ಕೂತ ಹುಡುಗಿಯನ್ನು ಯಾರಿಗೂ ಗೊತ್ತಾಗದ ಹಾಗೆ ಗಮನಿಸಬೇಕು, ಬೆಲ್ ಹೊಡೆದ ಕೂಡಲೇ ಇನ್ನೊಂದು ತರಗತಿಗೆ ಹೋಗಿ ಏನೂ ಆಗಿಲ್ಲ ಅನ್ನುವಂತೆ ಉತ್ಸಾಹದಿಂದ ಪಾಠ ಶುರು ಮಾಡಬೇಕು, ಅಲ್ಲಿಂದ ಹೊರಗೆ ಬಂದರೆ ಹೆಡ್‌ಮಾಸ್ಟರ್ ಕೇಳಿದ ಯಾವುದೋ ಪಟ್ಟಿ ಬಾಕಿ ಇರುತ್ತದೆ. ಫಿಲಿಪ್ ಜ್ಯಾಕ್ಸನ್ ಎಂಬ ವಿದ್ವಾಂಸರು ಅಮೆರಿಕದ ಪ್ರಾಥಮಿಕ ಶಾಲೆಯ ತರಗತಿಗಳಲ್ಲಿ ಕೂತು ನೋಡಿ 1968ರಲ್ಲಿ ಒಂದು ಲೆಕ್ಕ ಕೊಟ್ಟರು. ಒಬ್ಬ ಶಿಕ್ಷಕಿ ದಿನಕ್ಕೆ ಸಾವಿರದಷ್ಟು ಸಲ ಯಾರಾದರೊಬ್ಬರ ಜೊತೆ ಏನಾದರೂ ಮಾತಾಡಬೇಕು, ಉತ್ತರಿಸಬೇಕು, ತಡೆಯಬೇಕು, ಒಪ್ಪಬೇಕು. ಹೈಸ್ಕೂಲಿನಲ್ಲಿ ಲೆಕ್ಕ ಸ್ವಲ್ಪ ಬೇರೆ ಇರಬಹುದು, ಕೆಲಸದ ಬಗೆ ಮಾತ್ರ ಅದೇ. ಇಷ್ಟಾದ ಮೇಲೆ ನೀವು ಕೇಳುವ ‘ಇವತ್ತು ಹೇಗಿತ್ತು?’ ಅನ್ನುವ ಪ್ರೀತಿಯ ಪ್ರಶ್ನೆಯೂ ಅವರಿಗೆ ಇನ್ನೂ ಒಂದು ಪ್ರಶ್ನೆಯೇ ಆಗಿಬಿಡುತ್ತದೆ.

ಗಂಟಲನ್ನು ನಾವು ಮರೆತೇ ಬಿಡುತ್ತೇವೆ. ದಿನಪೂರ್ತಿ ಗದ್ದಲದ ಮೇಲೆ ಕೇಳುವಂತೆ ಮಾತಾಡುವ ಕೆಲಸ ಇದು. ಅಮೆರಿಕದ ಎರಡು ರಾಜ್ಯಗಳಲ್ಲಿ ಶಿಕ್ಷಕರನ್ನೂ ಬೇರೆ ಕೆಲಸದವರನ್ನೂ ಹೋಲಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಜೀವನದಲ್ಲಿ ಯಾವಾಗಲಾದರೂ ಧ್ವನಿಯ ತೊಂದರೆ ಬಂದಿತ್ತು ಎಂದವರು ಶಿಕ್ಷಕರಲ್ಲಿ ನೂರಕ್ಕೆ ಸುಮಾರು 58 ಮಂದಿ, ಬೇರೆಯವರಲ್ಲಿ ಸುಮಾರು 29. ಸಂಜೆಯ ಹೂಂಕಾರದ ಹಿಂದೆ ಎಷ್ಟೋ ಸಲ ನೋಯುವ ಗಂಟಲು ಇರುತ್ತದೆ, ಅಲ್ವಾ? ಅವರ ಸ್ವರ ವಾರಗಟ್ಟಲೆ ಒಡೆದೇ ಇದ್ದರೆ ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿ.

ಇನ್ನು ಆ ಮೌನದ ವಿಷಯ. ಮನಶ್ಶಾಸ್ತ್ರಜ್ಞೆ ರೀನಾ ರೆಪೆಟ್ಟಿ 1989ರಲ್ಲಿ ವಿಮಾನಗಳ ಓಡಾಟ ನಿಯಂತ್ರಿಸುವವರ ಮನೆಗಳನ್ನು ಅಧ್ಯಯನ ಮಾಡಿದರು. ಕೆಲಸ ವಿಪರೀತ ಇದ್ದ ದಿನ ಅವರು ಮನೆಗೆ ಬಂದು ಒಳಗೊಳಗೇ ಸರಿದುಬಿಡುತ್ತಿದ್ದರು. ಸಂಗಾತಿಯ ಬೆಂಬಲ ಚೆನ್ನಾಗಿದ್ದ ಮನೆಗಳಲ್ಲಿ ಇಂಥ ದಿನ ಮೌನ ಜಾಸ್ತಿ, ಸಿಟ್ಟು ಕಡಿಮೆ. ಅಂದರೆ ಸ್ವಲ್ಪ ಹೊತ್ತು ಸುಮ್ನೆ ಇರಲು ಬಿಡುವುದೂ ಒಂದು ಸಹಾಯವೇ.

ಹಾಗಂತ ನೀವು ಮತ್ತು ಮಗಳು ಎಷ್ಟು ಹೊತ್ತಾದರೂ ಕಾಯುತ್ತಾ ಕೂರಬೇಕು ಅಂತ ನಾನು ಹೇಳುತ್ತಿಲ್ಲ. ಭಾನುವಾರವೋ, ಮನಸ್ಸು ಹಗುರ ಇರುವಾಗಲೋ ಮೂವರೂ ಕೂತು ಒಂದು ಒಪ್ಪಂದ ಮಾಡಿಕೊಳ್ಳಿ. ಮನೆಗೆ ಬಂದ ಮೇಲೆ ಅರ್ಧ ಗಂಟೆ ಅಮ್ಮನಿಗೆ ಯಾರೂ ಏನೂ ಕೇಳುವುದಿಲ್ಲ. ಅರ್ಧ ಗಂಟೆ ಮುಗಿದ ಮೇಲೆ ಮೊದಲ ಸರದಿ ಮಗಳದು, ಫೋನ್ ಬೇರೆ ಕೋಣೆಯಲ್ಲಿ. ‘ಆಮೇಲೆ’ ಅನ್ನುವುದು ಮಗುವಿಗೆ ‘ಬೇಡ’ ಅಂತ ಕೇಳುತ್ತದೆ. ‘ಆರೂವರೆಗೆ ಹೇಳು, ಪೂರ್ತಿ ಕೇಳ್ತೀನಿ’ ಅಂದರೆ ಅದು ಕಾಯುತ್ತದೆ. ಹೇಳಿದ ಹೊತ್ತಿಗೆ ಕೇಳಬೇಕು ಅಷ್ಟೇ. ಇನ್ನೊಂದನ್ನು ಅವರೇ ಮಾಡಬೇಕು: ದಿನ ಕೆಟ್ಟದಾಗಿದ್ದರೆ ಬಾಗಿಲಲ್ಲೇ ಹೇಳಿಬಿಡುವುದು, ‘ಇವತ್ತು ಶಾಲೆಯಲ್ಲಿ ತುಂಬಾ ಕಷ್ಟ ಆಯ್ತು, ನಿಮ್ಮಿಂದ ಅಲ್ಲ’ ಅಂತ. ಕಾರಣ ಗೊತ್ತಿಲ್ಲದ ಮಕ್ಕಳು ತಪ್ಪು ತಮ್ಮದೇ ಅಂದುಕೊಳ್ಳುತ್ತವೆ. ದೊಡ್ಡವರೂ ಹಾಗೇ ಅಂದುಕೊಳ್ಳುತ್ತಾರೆ ಅನ್ನುವುದಕ್ಕೆ ನಿಮ್ಮ ಪತ್ರವೇ ಇದೆ.

ಕೊನೆಗೆ ನಾನೇ ನಿಮಗೊಂದು ಪ್ರಶ್ನೆ ಕೇಳಬೇಕು. ಆ ಒಂದು ಗಂಟೆ ಅವರು ಸುಮ್ಮನೆ ಕೂತಿರುತ್ತಾರಾ, ಅಥವಾ ಸುಮ್ಮನೆ ಅಡುಗೆ ಮನೆಯಲ್ಲಿ ಕೆಲಸ ಮಾಡುತ್ತಿರುತ್ತಾರಾ? ಎರಡನೆಯದಾದರೆ ನಿಮ್ಮ ಮನೆಗೆ ಮೊದಲು ಬೇಕಾದ್ದು ಮಾತಲ್ಲ, ಸಂಜೆಯ ಕೆಲಸದ ಹಂಚಿಕೆ. ಅದು ನಾಳೆಯಿಂದಲೇ ಆಗಬೇಕು.

ಪ್ರಶ್ನೆ: ನಾನು ಶಿಕ್ಷಕಿ. ಮಗ ಏಳನೇ ತರಗತಿ, ನಾನು ಕಲಿಸುವ ಶಾಲೆಯಲ್ಲೇ ಓದುತ್ತಾನೆ. ಮೊನ್ನೆ ‘ನೀನು ಮನೆಯಲ್ಲೂ ಟೀಚರೇ, ನನಗೆ ಅಮ್ಮ ಬೇಕು’ ಅಂದುಬಿಟ್ಟ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ನಾನೇನು ತಪ್ಪು ಮಾಡುತ್ತಿದ್ದೇನೆ?

ಉತ್ತರ: ಇಂಥ ಮಾತನ್ನು ಅಮ್ಮನ ಎದುರು ನಿಂತು ಹೇಳುವ ಧೈರ್ಯ ನಿಮ್ಮ ಮಗನಿಗಿದೆ. ಆ ಧೈರ್ಯ ನಿಮ್ಮಿಂದಲೇ ಬಂದಿದ್ದು ತಾಯಿ, ಅದನ್ನು ಮರೆಯಬೇಡಿ.

ಕೆಲಸ ಮತ್ತು ಮನೆಯ ಜಗ್ಗಾಟದ ಬಗ್ಗೆ ಗ್ರೀನ್‌ಹೌಸ್ ಮತ್ತು ಬ್ಯೂಟೆಲ್ ಎಂಬ ಇಬ್ಬರು 1985ರಲ್ಲಿ ಬರೆದ ಲೇಖನ ಈಗಲೂ ಬಳಕೆಯಲ್ಲಿದೆ. ಅವರ ಪ್ರಕಾರ ಈ ಜಗ್ಗಾಟ ಮೂರು ಬಗೆ. ಹೊತ್ತು ಸಾಲದೆ ಬರುವುದು ಒಂದು, ದಣಿವಿನಿಂದ ಬರುವುದು ಇನ್ನೊಂದು. ಈ ಎರಡು ಎಲ್ಲರಿಗೂ ಗೊತ್ತು. ಮೂರನೆಯದು ನಡೆನುಡಿಯಿಂದ ಬರುವುದು. ಕೆಲಸದಲ್ಲಿ ಗೆಲ್ಲಿಸುವ ರೀತಿಯೇ ಮನೆಯಲ್ಲಿ ಚುಚ್ಚುತ್ತದೆ. ನಿಮ್ಮ ಮಗ ಹೇಳಿದ್ದು ಇದನ್ನೇ.

ತರಗತಿಯಲ್ಲಿ ನಾವು ಕೇಳುವ ಪ್ರಶ್ನೆಗಳನ್ನು ಸ್ವಲ್ಪ ಗಮನಿಸಿ. ಹೆಚ್ಚು ಕಡಿಮೆ ಎಲ್ಲದಕ್ಕೂ ಉತ್ತರ ನಮಗೆ ಮೊದಲೇ ಗೊತ್ತಿರುತ್ತದೆ. ಮಗುವಿಗೆ ಗೊತ್ತಾ ಅಂತ ನೋಡಲು ಕೇಳುತ್ತೇವೆ. ಅದೇ ಅಭ್ಯಾಸ ಮನೆಗೂ ಬರುತ್ತದೆ. ‘ಹೋಮ್‌ವರ್ಕ್ ಆಯ್ತಾ? ಬ್ಯಾಗ್ ಎಲ್ಲಿಡಬೇಕು ಅಂತ ಹೇಳಿದ್ದೆ? ಈಗ ಗಂಟೆ ಎಷ್ಟು?’ ಇವೆಲ್ಲ ಪರೀಕ್ಷೆಗಳೇ. ನಿಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಿ ನೋಡಿ. ಅವನ ಆಟದ ನಿಯಮ ಏನು, ಅವನ ಗೆಳೆಯ ಯಾಕೆ ಮುನಿಸಿಕೊಂಡ, ಅವನಿಗೆ ಯಾವ ಶಿಕ್ಷಕರನ್ನು ಕಂಡರೆ ಭಯ. ಅವನು ಹೇಳುವಾಗ ತಿದ್ದಬೇಡಿ. ವ್ಯಾಕರಣ ತಪ್ಪಿದರೂ ತಿದ್ದಬೇಡಿ. ಇದು ಬರೆದಷ್ಟು ಸುಲಭ ಅಲ್ಲ, ತಿದ್ದುವುದು ನಿಮ್ಮ ಕೈಗೆ ಅಂಟಿಕೊಂಡಿರುತ್ತದೆ.

ಒಂದೇ ಶಾಲೆಯ ತೊಂದರೆ ಬೇರೆಯೇ. ಅವನಿಗೆ ಕಡಿಮೆ ಅಂಕ ಬಂದಿದ್ದು ಅವನು ಮನೆ ತಲುಪುವ ಮೊದಲೇ ಸ್ಟಾಫ್ ರೂಮಿನಲ್ಲಿ ನಿಮಗೆ ಗೊತ್ತಾಗಿರುತ್ತದೆ. ತನ್ನ ದಿನವನ್ನು ತಾನೇ ಹೇಳಿಕೊಳ್ಳುವ ಅವಕಾಶ ಆ ಹುಡುಗನಿಗೆ ಇಲ್ಲವೇ ಇಲ್ಲ. ಬೇರೆ ಮಕ್ಕಳಿಗೆ ಸಿಗುವ ಈ ಸಣ್ಣ ಸ್ವಾತಂತ್ರ್ಯ ಅವನಿಗೂ ಸಿಗಲಿ. ಸಹೋದ್ಯೋಗಿಗಳಿಗೆ ಹೇಳಿ, ‘ತುಂಬಾ ಗಂಭೀರ ವಿಷಯ ಇದ್ದರೆ ಬೇರೆ ಪೋಷಕರನ್ನು ಕರೆಯುವ ಹಾಗೆ ನನ್ನನ್ನೂ ಕರೆಯಿರಿ, ಕಾರಿಡಾರಿನಲ್ಲಿ ಬೇಡ’ ಎಂದು. ಹೋಮ್‌ವರ್ಕ್ ನೋಡುವ ಕೆಲಸವನ್ನು ಸಾಧ್ಯವಾದರೆ ಅವನ ಅಪ್ಪನಿಗೋ, ಮನೆಯ ಬೇರೆ ಹಿರಿಯರಿಗೋ ಬಿಡಿ. ಅವರು ನಿಮ್ಮಷ್ಟು ಚೆನ್ನಾಗಿ ಹೇಳಿಕೊಡಲಿಕ್ಕಿಲ್ಲ. ಪರವಾಗಿಲ್ಲ.

ಪ್ರಶ್ನೆ: ನನ್ನ ಅಪ್ಪ ಶಿಕ್ಷಕರು. ರಾತ್ರಿ ಹತ್ತು ಗಂಟೆಯಾದರೂ ಪೋಷಕರ ವಾಟ್ಸ್‌ಆ್ಯಪ್ ಮೆಸೇಜ್ ಬರುತ್ತಲೇ ಇರುತ್ತವೆ. ಎಲ್ಲರಿಗೂ ಉತ್ತರ ಕೊಡುತ್ತಾರೆ. ನಾನು ಡಿಗ್ರಿ ಓದುತ್ತಿದ್ದೇನೆ, ನನ್ನ ಜೊತೆ ಮಾತಾಡುತ್ತಿರುವಾಗಲೂ ಕಣ್ಣು ಫೋನಿನ ಮೇಲೆ. ಅಮ್ಮ ಹೇಳಿ ಹೇಳಿ ಸುಮ್ಮನಾಗಿದ್ದಾರೆ. ನಾನು ಹೇಗೆ ಹೇಳಲಿ?

ಉತ್ತರ: ನೋಡಮ್ಮ, ‘ಯಾವಾಗ ನೋಡಿದರೂ ಫೋನು’ ಅಂದರೆ ಅಪ್ಪನಿಗೆ ಬೈದ ಹಾಗೆ ಕೇಳುತ್ತದೆ. ‘ಅಪ್ಪ, ನಿಮ್ಮ ಜೊತೆ ಊಟದ ಹೊತ್ತಿನಲ್ಲಿ ಮಾತಾಡಬೇಕು ಅನ್ನಿಸುತ್ತದೆ, ಆಗ ಫೋನ್ ಬೇಡ’ ಅಂತ ಹೇಳಿ ನೋಡು. ಮಗಳು ತನ್ನ ಜೊತೆ ಹೊತ್ತು ಕಳೆಯಬೇಕು ಅಂತ ಬಾಯಿಬಿಟ್ಟು ಕೇಳಿದರೆ ಅದನ್ನು ತಳ್ಳಿಹಾಕುವುದು ಯಾವ ಅಪ್ಪನಿಗೂ ಸುಲಭವಲ್ಲ.

ಅಪ್ಪನಿಗೆ ಈ ಭಾಗ ಓದಲು ಕೊಡು. ಸರ್, ಜರ್ಮನಿಯ ಸಬೀನ ಝೊನ್ನೆಂಟಾಗ್ ಎಂಬ ಸಂಶೋಧಕಿ ವರ್ಷಗಳಿಂದ ಒಂದೇ ವಿಷಯದ ಹಿಂದೆ ಬಿದ್ದಿದ್ದಾರೆ: ಕೆಲಸ ಮುಗಿದ ಮೇಲೆ ಜನ ಹೇಗೆ ಚೇತರಿಸಿಕೊಳ್ಳುತ್ತಾರೆ. ಮನೆಗೆ ಬಂದರೆ ಸಾಲದು, ಮನಸ್ಸೂ ಕೆಲಸದಿಂದ ಕಳಚಿಕೊಳ್ಳಬೇಕು, ಆಗಲೇ ಮರುದಿನಕ್ಕೆ ಶಕ್ತಿ ಬರುತ್ತದೆ ಅನ್ನುವುದು ಅವರ ಕೆಲಸದ ತಿರುಳು. ರಾತ್ರಿ ಹತ್ತಕ್ಕೆ ಬಂದ ಒಂದು ದೂರಿಗೆ ನೀವು ಉತ್ತರಿಸಲು ಎರಡು ನಿಮಿಷ ಸಾಕು, ಆದರೆ ಆ ದೂರು ತಲೆಯಲ್ಲಿ ಹನ್ನೆರಡರವರೆಗೆ ಸುತ್ತುತ್ತಿರುತ್ತದೆ, ಮಲಗಿದಲ್ಲೇ ಮಾರನೇ ದಿನ ಆ ಪೋಷಕರಿಗೆ ಏನು ಹೇಳಬೇಕು ಅಂತ ಲೆಕ್ಕ ಹಾಕುತ್ತೀರಿ, ಬೆಳಿಗ್ಗೆ ಏಳುವಾಗಲೇ ದಣಿದಿರುತ್ತೀರಿ.

ಒಬ್ಬರೇ ನಿಲ್ಲಿಸಿದರೆ ‘ಈ ಸರ್ ಉತ್ತರವೇ ಕೊಡಲ್ಲ’ ಅನ್ನಿಸಿಕೊಳ್ಳುತ್ತೀರಿ, ಆ ಹೆದರಿಕೆ ಸುಳ್ಳಲ್ಲ. ಆದ್ದರಿಂದ ಇದನ್ನು ಸ್ಟಾಫ್ ಮೀಟಿಂಗಿನಲ್ಲಿ ಎತ್ತಿ. ಇಡೀ ಶಾಲೆಗೆ ಒಂದೇ ನಿಯಮ ಇರಲಿ: ಸಂಜೆ ಇಷ್ಟು ಗಂಟೆಯ ನಂತರ ಬಂದ ಮೆಸೇಜಿಗೆ ಮರುದಿನ ಉತ್ತರ, ತುರ್ತು ಇದ್ದರೆ ಫೋನ್ ಕರೆ. ಅದನ್ನು ಪೋಷಕರ ಸಭೆಯಲ್ಲಿ ಹೆಡ್‌ಮಾಸ್ಟರೇ ಹೇಳಲಿ. ಹೆಚ್ಚಿನ ಪೋಷಕರು ಒಪ್ಪುತ್ತಾರೆ. ಅವರಿಗೂ ಕೆಲಸದ ಕಡೆಯಿಂದ ರಾತ್ರಿ ಮೆಸೇಜ್ ಬರುತ್ತಿರುತ್ತದಲ್ಲ. ಫ್ರಾನ್ಸಿನಲ್ಲಂತೂ ಕೆಲಸದ ಹೊತ್ತು ಮುಗಿದ ಮೇಲೆ ಫೋನ್, ಮೇಲ್‌ಗಳಿಂದ ದೂರ ಇರುವ ಹಕ್ಕು 2017ರಿಂದ ಕಾನೂನಿನಲ್ಲೇ ಇದೆ, 50ಕ್ಕಿಂತ ಜಾಸ್ತಿ ನೌಕರರಿರುವ ಕಂಪನಿಗಳು ಆ ಬಗ್ಗೆ ಅವರ ಜೊತೆ ಮಾತಾಡಲೇಬೇಕು.

ಪ್ರಶ್ನೆ: ನನ್ನ ಸೊಸೆ ಟೀಚರ್. ಎಲ್ಲರಿಗಿಂತ ಬೇಗ ಮನೆಗೆ ಬರುತ್ತಾಳೆ, ರಜೆಯೂ ಬೇಕಾದಷ್ಟು. ಆದರೂ ಯಾವಾಗಲೂ ಸುಸ್ತು ಅಂತಾಳೆ. ನಿಜವಾಗಿಯೂ ಅಷ್ಟು ಒತ್ತಡ ಇರುತ್ತದಾ?

ಉತ್ತರ: ಇರುತ್ತದೆ ಅಮ್ಮಾ. ಬೇಗ ಬರುತ್ತಾರೆ, ಆದರೆ ತಿದ್ದಬೇಕಾದ ಉತ್ತರ ಪತ್ರಿಕೆ, ನಾಳೆಯ ಪಾಠ ಎಲ್ಲ ಚೀಲದಲ್ಲೇ ಇರುತ್ತವೆ. ಆರ್ಥಿಕ ಸಹಕಾರಕ್ಕೆಂದು ಹಲವು ದೇಶಗಳು ಸೇರಿ ಕಟ್ಟಿಕೊಂಡ ಒಇಸಿಡಿ ಸಂಸ್ಥೆ 2018ರಲ್ಲಿ ಬೇರೆ ಬೇರೆ ದೇಶಗಳ ಶಿಕ್ಷಕರನ್ನು ಕೇಳಿದಾಗ, ಒತ್ತಡಕ್ಕೆ ಕಾರಣ ಎಂದು ಹೆಚ್ಚು ಜನ ಹೇಳಿದ್ದು ಮಕ್ಕಳನ್ನಲ್ಲ, ಆಡಳಿತದ ಕೆಲಸ ಅತಿಯಾಗಿರುವುದನ್ನು. ದಾಖಲೆ, ಪಟ್ಟಿ, ವರದಿ, ಅದೇ ಮಾಹಿತಿ ಮತ್ತೆ ಇನ್ನೊಂದು ಕಡೆ ತುಂಬುವುದು. ಪಾಠ ಹೇಳಿ ಬಂದ ಸುಸ್ತಿಗೆ ಕೊನೆಗೆ ಒಂದು ತೃಪ್ತಿಯಾದರೂ ಇದೆ, ಈ ಸುಸ್ತಿಗೆ ಅದೂ ಇಲ್ಲ.

ರಜೆಯ ಮಾತು ಬಂತಲ್ಲ, ಜರ್ಮನಿಯಲ್ಲಿ ಶಿಕ್ಷಕರನ್ನೇ ನೋಡಿ ಮಾಡಿದ ಒಂದು ಅಧ್ಯಯನ 2011ರಲ್ಲಿ ಬಂತು. ರಜೆಯಿಂದ ದಣಿವು ನಿಜವಾಗಿಯೂ ಇಳಿಯಿತು. ಆದರೆ ಶಾಲೆ ಶುರುವಾಗಿ ಒಂದು ತಿಂಗಳೊಳಗೆ ಆ ಲಾಭ ಕರಗಿಹೋಗಿತ್ತು. ಸಂಜೆಯ ಬಿಡುವಿನಲ್ಲಿ ಆರಾಮವಾಗಿ ಇರುತ್ತಿದ್ದವರಲ್ಲಿ ಮಾತ್ರ ಅದು ಸ್ವಲ್ಪ ಜಾಸ್ತಿ ದಿನ ಉಳಿಯಿತು. ಹಾಗಾಗಿ ನಿಮ್ಮ ಸೊಸೆಗೆ ವರ್ಷದ ರಜೆಗಿಂತ ದಿನದ ಸಂಜೆ ಮುಖ್ಯ. ಅದನ್ನು ಕೊಡುವುದು ನಿಮ್ಮ ಕೈಯಲ್ಲೂ ಇದೆ. ನೀವು ಆಡಿಕೊಳ್ಳುವ ಬದಲು ಪತ್ರ ಬರೆದು ಕೇಳಿದಿರಿ, ಅದು ನನಗೆ ತುಂಬಾ ಇಷ್ಟವಾಯಿತು.

ಪ್ರಶ್ನೆ: ನಾವಿಬ್ಬರೂ ಶಿಕ್ಷಕರು. ಮನೆಯಲ್ಲಿ ಮಾತೆಲ್ಲ ಶಾಲೆಯದೇ. ಯಾರು ಏನಂದರು, ಸಿಲಬಸ್ ಮುಗಿದಿಲ್ಲ, ಆ ಹುಡುಗ ಹಾಗೆ, ಈ ಪೋಷಕರು ಹೀಗೆ. ಮಾತಾಡಿ ಮುಗಿದ ಮೇಲೆ ಇಬ್ಬರಿಗೂ ಇನ್ನಷ್ಟು ಭಾರ. ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆ ಜೋಡಿ ಬೇಕಾ ಅಂತ ಎಲ್ಲರೂ ಅಂತಾರೆ.

ಉತ್ತರ: ಅರ್ಥ ಮಾಡಿಕೊಳ್ಳುವುದು ನಿಜ. ಆದರೆ ಅದೇ ಕಾರಣಕ್ಕೆ ಒಬ್ಬರ ಒತ್ತಡ ಇನ್ನೊಬ್ಬರಿಗೆ ಬೇಗ ಅಂಟುತ್ತದೆ. ಗಂಡ ಹೆಂಡತಿಯ ನಡುವೆ ಒತ್ತಡ ಹೀಗೆ ದಾಟುವುದನ್ನು ಮಿನಾ ವೆಸ್ಟ್‌ಮನ್ ಎಂಬ ಸಂಶೋಧಕಿ ವಿವರವಾಗಿ ಬರೆದಿದ್ದಾರೆ. ಬೇರೆ ಕೆಲಸದ ಸಂಗಾತಿಯಾದರೆ ಎಲ್ಲೋ ಒಂದು ಕಡೆ ‘ಅಯ್ಯೋ ಬಿಡು’ ಅಂತ ನಿಲ್ಲಿಸುತ್ತಾರೆ. ನೀವಿಬ್ಬರೂ ‘ನಮ್ಮಲ್ಲೂ ಹಾಗೇ’ ಅಂತ ಮುಂದುವರಿಸುತ್ತೀರಿ.

ಶಾಲೆಯ ಮಾತು ಪೂರ್ತಿ ಬಿಡಿ ಅಂತ ನಾನು ಹೇಳುವುದಿಲ್ಲ, ಅದು ನಡೆಯುವ ಮಾತಲ್ಲ. ಇಬ್ಬರಿಗೂ ಒಂದೊಂದು ಸರದಿ ಇಟ್ಟುಕೊಳ್ಳಿ, ಹತ್ತು ಹದಿನೈದು ನಿಮಿಷ. ಒಬ್ಬರು ಹೇಳುವಾಗ ಇನ್ನೊಬ್ಬರು ತಮ್ಮ ಶಾಲೆಯ ಕಥೆ ತರಬಾರದು. ಶುರುವಿನಲ್ಲೇ ಕೇಳಿ, ‘ಸಲಹೆ ಬೇಕಾ, ಸುಮ್ನೆ ಕೇಳಬೇಕಾ?’ ಮಕ್ಕಳ ಎದುರು ಸಹೋದ್ಯೋಗಿಗಳ ದೂರು ಬೇಡ. ದಿನಾ ಇದನ್ನೇ ಕೇಳಿ ಬೆಳೆದ ಮಕ್ಕಳಿಗೆ ಕೆಲಸ ಅಂದರೆ ಬರೀ ಶಿಕ್ಷೆ ಅನ್ನಿಸುತ್ತದೆ, ಶಾಲೆ ಅಂದರೂ ಹಾಗೇ. ತರಗತಿಯಲ್ಲಿ ಆದ ಒಂದು ಒಳ್ಳೆಯ ಸಂಗತಿಯೂ ಮನೆಗೆ ಬರಲಿ. ಅಂಥವು ಆಗುತ್ತಿರುತ್ತವೆ, ನಾವು ಹೇಳುವುದಿಲ್ಲ ಅಷ್ಟೇ.

ಪ್ರಶ್ನೆ: ನಾನು ತುಂಬಾ ವರ್ಷಗಳಿಂದ ಶಿಕ್ಷಕಿ. ಭಾನುವಾರ ಸಂಜೆಯಾದರೆ ಅಳು ಬರುತ್ತದೆ. ಮೊದಲು ಒಂದೊಂದು ಮಗುವಿನ ಮೇಲೂ ಪ್ರೀತಿ ಇತ್ತು, ಈಗ ಯಾರು ಪಾಸಾದರೇನು, ಬಿಟ್ಟರೇನು ಅನ್ನಿಸುತ್ತದೆ. ಮನೆಯಲ್ಲಿ ಸಣ್ಣದಕ್ಕೂ ಮಕ್ಕಳ ಮೇಲೆ ಕೂಗುತ್ತೇನೆ, ಆಮೇಲೆ ಬಾತ್‌ರೂಮಿನಲ್ಲಿ ಅಳುತ್ತೇನೆ. ನಿದ್ದೆ ಇಲ್ಲ. ಕೆಲಸ ಬಿಟ್ಟುಬಿಡಲಾ?

ಉತ್ತರ: ಅಕ್ಕ, ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ನೀವು ಕೆಟ್ಟ ಶಿಕ್ಷಕಿಯೂ ಅಲ್ಲ, ಕೆಟ್ಟ ಅಮ್ಮನೂ ಅಲ್ಲ. ನೀವು ಬರೆದಿರುವ ಸ್ಥಿತಿಗೆ ಬರ್ನ್‌ಔಟ್ ಎಂಬ ಹೆಸರಿದೆ. 1974ರಲ್ಲಿ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಮೊದಲು ವಿವರಿಸಿದಾಗ ಹೇಳಿದ್ದೇ ಇದು, ಕೆಲಸಕ್ಕೆ ತಮ್ಮನ್ನು ಪೂರ್ತಿ ಕೊಟ್ಟುಕೊಂಡವರೇ ಹೀಗೆ ಸುಟ್ಟುಹೋಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದರ ಮೂರು ಗುರುತು ಹೇಳಿತು. ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಏನು ಮಾಡಿದರೂ ಆಗುತ್ತಿಲ್ಲ ಅನ್ನಿಸುವುದು. ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಬಿಟ್ಟಿದ್ದರಿಂದ ಬರುವ ಸ್ಥಿತಿ ಎಂದು ಅದು ಹೇಳಿದೆ, ನಿಮ್ಮ ಸ್ವಭಾವದ ದೋಷ ಅಂತ ಎಲ್ಲೂ ಹೇಳಿಲ್ಲ. ಮಕ್ಕಳ ಮೇಲಿನ ಪ್ರೀತಿ ಕಡಿಮೆಯಾದದ್ದು ನಿಮ್ಮನ್ನು ಹೆಚ್ಚು ಹೆದರಿಸಿದೆ ಅನ್ನಿಸುತ್ತದೆ. ಅದು ಈ ಸ್ಥಿತಿಯ ಲಕ್ಷಣ. ಚೇತರಿಸಿಕೊಂಡವರಲ್ಲಿ ಅದು ವಾಪಸ್ ಬರುತ್ತದೆ.

ಆದರೆ ಅಳು, ನಿದ್ದೆ ಇಲ್ಲದಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರಕ್ಕಿಂತ ಜಾಸ್ತಿ ದಿನ, ಹೆಚ್ಚು ಕಡಿಮೆ ದಿನಾ ಇದ್ದರೆ ಅದು ಖಿನ್ನತೆಯೂ ಆಗಿರಬಹುದು. ಅದನ್ನು ಪತ್ರಿಕೆಯ ಅಂಕಣ ಹೇಳಲಾಗುವುದಿಲ್ಲ, ಡಾಕ್ಟರ್ ನೋಡಿಯೇ ಹೇಳಬೇಕು. ಈ ವಾರವೇ ಹೋಗಿ. ಥೈರಾಯ್ಡ್, ರಕ್ತಹೀನತೆಯಿಂದಲೂ ಇಂಥ ಸುಸ್ತು ಬರುತ್ತದೆ, ಅದನ್ನೂ ನೋಡುತ್ತಾರೆ. ಬದುಕುವುದೇ ಬೇಡ ಅನ್ನುವ ಯೋಚನೆ ಒಂದು ಸಲ ಬಂದರೂ ಅವತ್ತೇ ಮನೆಯವರಿಗೆ ಹೇಳಿ, ಅವತ್ತೇ ಆಸ್ಪತ್ರೆಗೆ ಹೋಗಿ.

ನಿಮ್ಮ ಮಕ್ಕಳಿಗೆ ಕೂಗಿದ ಮೇಲೆ ಬಾತ್‌ರೂಮಿಗೆ ಹೋಗಬೇಡಿ, ಅವರ ಹತ್ತಿರ ಹೋಗಿ. ‘ಕೂಗಿದ್ದು ತಪ್ಪು. ಅಮ್ಮನಿಗೆ ಹುಷಾರಿಲ್ಲ, ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ’ ಅನ್ನಿ. ಇಷ್ಟು ಸಾಕು, ಶಾಲೆಯ ಕಷ್ಟವೆಲ್ಲ ಅವರ ಮೇಲೆ ಹೊರಿಸುವುದು ಬೇಡ. ಗಂಡನಿಗೆ ಮಾತ್ರ ಎಲ್ಲ ಹೇಳಿ. ಬಾಯಿಂದ ಹೇಳಲು ಆಗದಿದ್ದರೆ ನನಗೆ ಬರೆದ ಪತ್ರವನ್ನೇ ಅವರಿಗೆ ತೋರಿಸಿ, ಡಾಕ್ಟರ ಹತ್ತಿರ ಅವರೂ ಬರಲಿ.

ಹೆಡ್‌ಮಾಸ್ಟರ ಹತ್ತಿರ ‘ನನಗೆ ಒತ್ತಡ ಆಗುತ್ತಿದೆ’ ಅಂದರೆ ‘ಎಲ್ಲರಿಗೂ ಇದೆ’ ಅಂತಾರೆ. ಏನು ಬೇಕು ಅಂತ ನಿಖರವಾಗಿ ಕೇಳಿ. ಈ ಅವಧಿಯಲ್ಲಿ ಒಂದು ತರಗತಿಯ ಹೊಣೆ ಕಡಿಮೆ ಮಾಡಿ, ಈ ಎರಡು ಸಮಿತಿಗಳಿಂದ ಬಿಡಿ, ಸತತ ನಾಲ್ಕು ಪಿರಿಯಡ್ ಹಾಕಬೇಡಿ. ಬರೆದು ಕೊಡಿ, ಡಾಕ್ಟರ ಚೀಟಿ ಇದ್ದರೆ ಜೊತೆಗಿಡಿ. ವೈದ್ಯಕೀಯ ರಜೆ ನಿಮ್ಮ ಹಕ್ಕಿನಲ್ಲಿದ್ದರೆ ತೆಗೆದುಕೊಳ್ಳಿ. ಆ ರಜೆಯಲ್ಲಿ ಪತ್ರಿಕೆ ತಿದ್ದಬೇಡಿ.

ಕೆಲಸ ಬಿಡಬೇಕಾ ಅನ್ನುವುದನ್ನು ಈಗ ತೀರ್ಮಾನಿಸಬೇಡಿ. ನಿದ್ದೆ ಸರಿಯಾಗಿ, ಚಿಕಿತ್ಸೆಯಿಂದ ಮನಸ್ಸು ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ಗಂಡನ ಜೊತೆ ಕೂತು ಯೋಚಿಸಿ. ಆಗಲೂ ಬಿಡಬೇಕು ಅನ್ನಿಸಿದರೆ ಬಿಡಿ. ಇಷ್ಟು ವರ್ಷ ಕಲಿಸಿದ್ದು ಅದರಿಂದ ವ್ಯರ್ಥ ಆಗುವುದಿಲ್ಲ. ಡಾಕ್ಟರ್ ಏನಂದರು ಅಂತ ನನಗೆ ಎರಡು ಸಾಲು ಬರೆಯಿರಿ, ಪ್ರಕಟಿಸುವುದಿಲ್ಲ.